ಮಂಚದ ಕಾಲಿಗೆ ಇಟ್ಟಿಗೆ

ರೋಗವನ್ನು ಹೋಲಿಕೆ ಕೊಟ್ಟು ವಿವರಿಸುವ ಚಟ ನನಗಿತ್ತು. ಅದನ್ನು ಬಿಡಿಸಿದವರು ಕೊತ್ತತ್ತಿಯ ಸಿದ್ದೇಗೌಡರು. ಎಪ್ಪತ್ತರ ದಶಕದ ಮಾತು. ಮಂಡ್ಯದಲ್ಲಿ ನಾನಿನ್ನೂ ಹೊಸ ಡಾಕ್ಟರು.

ಗೌಡರ ಹೆಂಡತಿ ನಿಂಗಮ್ಮನ ಕುತ್ತಿಗೆ ಗಡ್ಡೆಗೆ ಬೆಂಗಳೂರಿನಲ್ಲಿ ಕರೆಂಟು ಕೊಟ್ಟಿದ್ದರು. ರೇಡಿಯೇಷನ್ನಿಗೆ ನಮ್ಮ ಕಡೆ ಹಾಗೇ ಅನ್ನುವುದು. ಗಡ್ಡೆ ಹೋಯಿತು. ಆಮೇಲೆ ಅದೇ ಜಾಗದಲ್ಲಾದ ಸಣ್ಣ ಗಾಯ ಮಾತ್ರ ಏನು ಮಾಡಿದರೂ ಮಾಯಲಿಲ್ಲ.

"ಕರೆಂಟು ಗಡ್ಡೆ ಜೊತೆಗೆ ಚರ್ಮದ ಜೀವಕಣಗಳನ್ನೂ ಒಳಗಿಂದ ಕೆಡಿಸಿರುತ್ತೆ. ಹೊಸ ಕಣ ಹುಟ್ಟಲ್ಲ. ಸಣ್ಣ ರಕ್ತನಾಳಗಳೂ ಮುಚ್ಚಿರುತ್ತವೆ," ಎಂದೆ. ಗೌಡರ ಮುಖ ನೋಡಿ, "ನಾಲೆ ಕೊನೇ ಗದ್ದೆಗೆ ನೀರು ಬರಲ್ವಲ್ಲ, ಹಾಗೆ," ಅಂತ ಸೇರಿಸಿದೆ. ಗೌಡರು ಖುಷಿಯಾಗಿ ಹೋದರು.

ಮುಂದಿನ ವಾರ ಸೈಕಲ್ ತುಳಿದು ಅವರ ಮನೆಗೆ ಹೋದರೆ, ಮಂಚದ ಕಾಲ್ದೆಸೆಗೆ ಇಟ್ಟಿಗೆ ಪೇರಿಸಿ, ನಿಂಗಮ್ಮನನ್ನು ತಲೆ ತಗ್ಗಾಗಿ ಮಲಗಿಸಿದ್ದಾರೆ!

"ಎತ್ತರದಿಂದ ತಗ್ಗಿಗೆ ತಾನೆ ಸಾಮಿ ನೀರು ಅರಿಯೋದು? ಈಗ ರಗ್ತ ಕುತ್ಗೆಗೆ ಬತ್ತದೆ," ಎಂದರು ಗೌಡರು.

"ಬಾವ್ಲಿ ಅಂಗೆ ಮನಗಿವ್ನಿ ಕಣಪ್ಪ. ಉಂಡಿದ್ದೆಲ್ಲ ವಾಪಸ್ ಬಾಯ್ಗೆ ಬತ್ತದೆ. ಈ ಔಸ್ದಿ ನೀನೇ ಯೇಳಿದ್ದಾ?" ಅಂದರು ನಿಂಗಮ್ಮ.

ನಾನೇ ಬಗ್ಗಿ ಇಟ್ಟಿಗೆ ತೆಗೆದೆ. ನಾಳವೇ ಮುಚ್ಚಿದ ಮೇಲೆ ಎತ್ತರ ತಗ್ಗು ಲೆಕ್ಕಕ್ಕಿಲ್ಲ. ಮೈಸೂರಿನಲ್ಲಿ ಆಪರೇಷನ್ ಮಾಡಿಸಿ, ಎದೆಯ ಒಳ್ಳೆ ಚರ್ಮವನ್ನು ಅದರ ರಕ್ತನಾಳದ ಸಮೇತ ಕುತ್ತಿಗೆಗೆ ತಿರುಗಿಸಿ ಹೊಲಿಸಬೇಕು ಎಂದೆ.

ಗೌಡರ ಕಣ್ಣರಳಿತು. "ಅಂದ್ರೆ, ಎದೆ ಕಡೆಯಿಂದ ಒಸ ಕಾಲ್ವೆ ತೆಗೆಯೋದು?"

ನಾನು ಬಾಯಿ ತೆರೆಯುವಷ್ಟರಲ್ಲಿ ನಿಂಗಮ್ಮ ಕೂಗಿದರು: "ಊಂ ಅನ್ಬ್ಯಾಡ ಕಣಪ್ಪ! ಈವಯ್ಯ ಗುದ್ಲಿ ತತ್ತನೆ!"