ಕೌದಿಯ ಮೂಲೆಯ ರೊಟ್ಟಿ

ತಿಗಣೆಯನ್ನು ಹೆಬ್ಬೆರಳಿನಿಂದ ಗೋಡೆಗೆ ಒತ್ತಿ ಕೊಂದವರಿಗೆ ಅದರ ವಾಸನೆಯನ್ನು ವಿವರಿಸಬೇಕಾಗಿಲ್ಲ. ಕೊಳೆತ ಕೊತ್ತಂಬರಿ ಕಟ್ಟನ್ನು ಹಳಸಿದ ಎಣ್ಣೆಯಲ್ಲಿ ಅದ್ದಿದರೆ ಹೇಗೋ ಹಾಗೆ. ಎರಡು ಸಲ ಸಾಬೂನು ಹಚ್ಚಿ ತೊಳೆದರೂ ಊಟಕ್ಕೆ ಕೂತಾಗ ಮೊದಲ ತುತ್ತಿನ ಜೊತೆಗೇ ಮೂಗಿಗೆ ಬರುತ್ತದೆ. ತೊಂಬತ್ತರ ದಶಕದಲ್ಲಿ ಬೈಲಹೊಂಗಲದ ನಮ್ಮ ಮನೆಯಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನಾವು ಆ ವಾಸನೆಯಲ್ಲೇ ಉಂಡೆವು. ಹುಳ ಮನೆಗೆ ಎಲ್ಲಿಂದ ಬಂತೆಂಬುದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಹೇಳದೆ ಇದ್ದದ್ದಷ್ಟೇ ಅಲ್ಲ, ಅದನ್ನು ನನ್ನ ಒಡಹುಟ್ಟಿದ ಅಕ್ಕನ ತಲೆಗೆ ಕಟ್ಟಿದೆ.

ನಾನಾಗ ಊರಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದವನೆಂದು ಓಣಿಯಲ್ಲಿ ಮರ್ಯಾದೆಯಿತ್ತು. ಅರ್ಜಿ ಬರೆಸಲು, ಔಷಧದ ಶೀಶೆಯ ಮೇಲೇನಿದೆ ಎಂದು ಓದಿಸಲು ಜನ ನನ್ನ ಹತ್ತಿರವೇ ಬರುತ್ತಿದ್ದರು. ಮನೆಯಲ್ಲಿ ಹೆಂಡತಿ ಮತ್ತು ಕಾಲೇಜಿಗೆ ಹೋಗುವ ಮಗಳು. ತೊರಗಲ್ ಹತ್ತಿರದ ಹಳ್ಳಿಗೆ ಕೊಟ್ಟಿದ್ದ ಅಕ್ಕ, ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದಳು. ಅವಳಿಗೆ ಮಕ್ಕಳಿರಲಿಲ್ಲ. ಒಂದು ತಗಡಿನ ಟ್ರಂಕು, ಹೊದೆಯಲು ಎರಡು ಕೌದಿ ತಂದಿದ್ದಳು. ಅದರಲ್ಲೊಂದು ನಮ್ಮ ಅವ್ವನ ಹಳೆಯ ಇಳಕಲ್ ಸೀರೆಯ ತುಂಡುಗಳಿಂದ ಹೊಲಿದದ್ದು.

ಕೌದಿ ಹೊಲಿಯುವುದರಲ್ಲಿ ಅಕ್ಕನ ಕೈ ಪಳಗಿತ್ತು. ಬಂದ ಆರು ತಿಂಗಳಲ್ಲೇ ಓಣಿಯ ಹೆಂಗಸರು ತಮ್ಮ ಹಳೆಯ ಸೀರೆಗಳ ಗಂಟು ಹೊತ್ತುಕೊಂಡು ನಮ್ಮ ಪಡಸಾಲೆಗೆ ಬರತೊಡಗಿದರು. ಅಕ್ಕ ನೆಲದ ಮೇಲೆ ಬಟ್ಟೆ ಹರಡಿ, ಕಾಲು ಚಾಚಿ ಕುಳಿತು, ಸಾಲು ತಪ್ಪದಂತೆ ದಾರ ಎಳೆಯುತ್ತಿದ್ದಳು. ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಣ ಜೋಳದ ರೊಟ್ಟಿಯ ಒಂದು ಚೂರು ಇಡುವುದು ಅವಳ ಪದ್ಧತಿ. ಅವಳ ಅತ್ತೆ ಕಲಿಸಿದ್ದಂತೆ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಿದ್ದಳು.

"ಹೆಣ್ಣಮಕ್ಕಳನ್ನ ಉಣಿಸದ ಕಳಸತೀವೇನವ್ವಾ? ಇದೂ ಅಷ್ಟ, ಮಂದಿ ಮನಿಗೆ ಹೊಂಟೈತಿ," ಎಂದು ನನ್ನ ಮಗಳಿಗೆ ಹೇಳುತ್ತಿದ್ದಳು.

ವಿಧವೆಯಾಗಿ ತಮ್ಮನ ಮನೆಗೆ ಬಂದವಳು ಎಂಬ ಮಾತು ಓಣಿಯಲ್ಲಿ ಹೋಗಿ, ಕೌದಿ ಅಕ್ಕಾರು ಎಂಬ ಹೆಸರು ಬಂದಿತ್ತು. ನಮ್ಮ ಮನೆಯಲ್ಲಿ ಅವಳು ತಲೆಯೆತ್ತಿ ಉಣ್ಣುತ್ತಿದ್ದುದು ಆ ಹೆಸರಿನಿಂದ.

ಇನ್ನು ನನ್ನ ಕಥೆ. ಅಂಗಡಿಗೆ ಸೋಮವಾರ ರಜೆ. ದೊಡವಾಡದ ಹತ್ತಿರ ನಮಗೊಂದು ತುಂಡು ಹೊಲವಿತ್ತು, ಪಾಲಿಗೆ ಕೊಟ್ಟಿದ್ದೆವು. ಹೊಲ ನೋಡಿಕೊಂಡು ಬರುತ್ತೇನೆಂದು ಸೋಮವಾರ ಬೆಳಿಗ್ಗೆ ಹೊರಡುತ್ತಿದ್ದೆ. ಹೆಂಡತಿ ಬುತ್ತಿ ಕಟ್ಟಿ ಕೊಡುತ್ತಿದ್ದಳು. ನಾನು ದೊಡವಾಡದಲ್ಲಿ ಇಳಿಯದೆ ಅದೇ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಮ್ಯಾಟಿನಿ ಸಿನಿಮಾ ನೋಡುತ್ತಿದ್ದೆ. ಇಷ್ಟೇ. ಕುಡಿತವಿಲ್ಲ, ಇಸ್ಪೀಟಿಲ್ಲ. ಆದರೆ ಮನೆಯಲ್ಲಿ ಸಿನಿಮಾ ಎಂದರೆ ಹೊಲಸು ಎಂದು ನಾನೇ ಸಾರಿದ್ದೆ. ಮಗಳು ಗೆಳತಿಯರ ಜೊತೆ ಒಂದೇ ಒಂದು ಸಲ ಟಾಕೀಜಿಗೆ ಹೋದದ್ದಕ್ಕೆ ಮೂರು ದಿನ ಅವಳ ಜೊತೆ ಮಾತಾಡಿರಲಿಲ್ಲ. ಅಂಥವನು ಪ್ರತಿ ವಾರ ಕತ್ತಲೆಯಲ್ಲಿ ಕುಳಿತು, ಇಂಟರ್ವಲ್ಲಿನಲ್ಲಿ ಹೊಲಕ್ಕೆಂದು ಕಟ್ಟಿದ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದೆ.

ಆ ಟಾಕೀಜಿನ ಕುರ್ಚಿಗಳ ರೆಗ್ಜಿನ್ ಹರಿದು ಒಳಗಿನ ನಾರು ಹೊರಗೆ ಬಂದಿತ್ತು. ನಾನು ಬಿಳಿ ಟೊಪ್ಪಿಗೆ ಹಾಕುವವನು. ಪರದೆ ಬೆಳಗಿದ ಕೂಡಲೇ ಹಿಂದಿನಿಂದ ಹುಡುಗರು ಕೂಗುತ್ತಿದ್ದರು: "ಏ ಕಾಕಾ, ಟೊಪ್ಪಿಗಿ ತಗೀರಿ! ಹೀರೋಯಿನ್ ಬದಲಿ ನಿಮ್ಮ ತಲೀನ ಕಾಣಾಕ ಹತ್ತೈತಿ!" ತೆಗೆದು ಕುರ್ಚಿಯ ಕೈಮೇಲೆ ಇಡುತ್ತಿದ್ದೆ. ಸಿನಿಮಾ ಮುಗಿದ ಮೇಲೆ ಹಾಕಿಕೊಳ್ಳುತ್ತಿದ್ದೆ. ಒಂದು ಸೋಮವಾರ ವಾಪಸು ಬರುವ ಬಸ್ಸಿನಲ್ಲಿ ಹಣೆಯ ಮೇಲೆ ಏನೋ ಹರಿದಂತಾಯಿತು. ಟೊಪ್ಪಿಗೆ ತೆಗೆದು ಮಡಿಕೆ ಬಿಡಿಸಿದೆ. ಒಳಗೆ ಮೂರು ತಿಗಣೆ. ಒಂದು ನನ್ನ ರಕ್ತ ಕುಡಿದು ದಾಳಿಂಬೆ ಬೀಜದಂತೆ ಉಬ್ಬಿತ್ತು. ಮಡಿಕೆಯ ಹೊಲಿಗೆಯುದ್ದಕ್ಕೂ ಕಪ್ಪು ಚುಕ್ಕೆ, ಬೆಳ್ಳಗಿನ ಸಣ್ಣ ಸಣ್ಣ ತತ್ತಿ. ಅಷ್ಟು ತತ್ತಿ ಇಟ್ಟಿವೆಯೆಂದರೆ ಅವು ಬಂದು ಎಷ್ಟು ದಿನವಾಗಿತ್ತೋ! ಅಷ್ಟೂ ದಿನ ಆ ಟೊಪ್ಪಿಗೆ ನಮ್ಮ ಮಂಚದ ಮೇಲಿನ ಗೂಟಕ್ಕೆ ನೇತಾಡುತ್ತಿತ್ತು. ಮೂರನ್ನೂ ಬೆರಳಿನಿಂದ ಹಿಸುಕಿ ಕೊಂದೆ. ಬೆರಳನ್ನು ಸೀಟಿಗೆ ಒರೆಸಿ, ಟೊಪ್ಪಿಗೆಯನ್ನು ಕಿಟಕಿಯಿಂದ ಆಚೆ ಜಾಡಿಸಿ, ಮತ್ತೆ ತಲೆಗೇ ಹಾಕಿಕೊಂಡೆ. ಬರಿದಲೆಯಲ್ಲಿ ಮನೆಗೆ ಹೋದರೆ ಕೇಳುತ್ತಾರಲ್ಲ.

ಮನೆಗೆ ಬಂದರೆ ಮಗಳ ಕುತ್ತಿಗೆಯ ಮೇಲೆ ಕೆಂಪು ಗುಳ್ಳೆಗಳು ಎದ್ದಿದ್ದವು. ಹೆಂಡತಿ ಸೊಳ್ಳೆ ಎಂದಳು.

"ಸೊಳ್ಳಿ ಹಿಂಗ ಸಾಲ ಹಿಡದ ಕಡೀತೈತೇನಬೇ?" ಎಂದಳು ಮಗಳು.

ಮುಂದಿನ ವಾರಗಳಲ್ಲಿ ತಿಗಣೆಗಳು ಎಲ್ಲೆಲ್ಲೂ ಕಂಡವು. ಮಂಚದ ಕೀಲುಗಳಲ್ಲಿ, ಬಾಗಿಲ ಸಂದಿಯಲ್ಲಿ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಹಿಂದೆ, ಮಗಳ ಪುಸ್ತಕಗಳ ಬೆನ್ನಲ್ಲಿ. ಗೋಡೆಯ ಸುಣ್ಣದ ಮೇಲೆ ನಮ್ಮದೇ ರಕ್ತದ ಗೀಟುಗಳು. ಮಂಚವನ್ನು ಅಂಗಳಕ್ಕೆ ಎಳೆದು ಕುದಿಯುವ ನೀರು ಹೊಯ್ದರೆ ಕೀಲುಗಳಿಂದ ಗುಂಪು ಗುಂಪಾಗಿ ಹೊರಬಿದ್ದು, ಗಟಾರದ ನೀರಿನ ಮೇಲೆ ಕೆಂಪು ಕೆನೆಯ ಹಾಗೆ ತೇಲುತ್ತಿದ್ದವು. ಚಿಮಣಿ ಎಣ್ಣೆ ಹಚ್ಚಿದೆವು, ಪೇಟೆಯಿಂದ ತಗಣಿ ಔಷಧ ತಂದು ಹೊಡೆದೆವು. ಔಷಧದ ಘಾಟಿಗೆ ನಮಗೇ ತಲೆ ತಿರುಗಿತೇ ಹೊರತು ಅವು ಎಂಟು ದಿನಕ್ಕೆ ಮತ್ತೆ ಹಾಜರ್. ಅನ್ನದ ತಾಟಿನ ಅಂಚಿನಲ್ಲಿ ಒಂದು ಹರಿದದ್ದನ್ನು ನೋಡಿ ಮಗಳು ತಾಟು ತಳ್ಳಿ ಎದ್ದುಹೋದಳು.

ಅಂಗಳದಲ್ಲಿ ಮಂಚ ತೊಳೆಯುವುದು ಓಣಿಗೆಲ್ಲ ಕಾಣುತ್ತಿತ್ತು. ಒಂದು ಸೋಮವಾರ ನಾನು ಎಲ್ಲಿಗೂ ಹೋಗದೆ ನೀರು ಕಾಸಿ ಹೊಯ್ಯುತ್ತಿದ್ದಾಗ ಎದುರು ಮನೆಯಾಕೆ ಬಂದು ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಳು. ಅವಳ ಹಿಂದೆ ಇನ್ನಿಬ್ಬರು.

"ಅಲ್ಲರೀ ಅಣ್ಣಾರ, ಇಷ್ಟ ವರ್ಷ ನಿಮ್ಮ ಮನ್ಯಾಗ ಒಂದ ತಗಣಿ ಕಂಡಿದ್ದಿಲ್ಲ. ಈಗ ಒಮ್ಮಿಂದೊಮ್ಮೆಲೆ ಎಲ್ಲಿಂದ ಬಂದ್ವು?"

ಹೆಂಡತಿ ನನ್ನ ಮುಖ ನೋಡಿದಳು. ನಾನು ಕೈಯಲ್ಲಿನ ಚೊಂಬು ಕೆಳಗಿಟ್ಟೆ. ಉತ್ತರ ಕೊಡುವವನು ನಾನೇ ಎಂದು ಎಲ್ಲರೂ ಕಾಯುತ್ತಿದ್ದರು, ಓದಿದವನಲ್ಲವೇ. ಪಡಸಾಲೆಯಲ್ಲಿ ಅಕ್ಕ ಕೌದಿ ಹೊಲಿಯುತ್ತಿದ್ದಳು. ನನ್ನ ಕಣ್ಣು ಅತ್ತ ಹೋಯಿತು.

"ಮತ್ತ ಕೌದ್ಯಾಗ ರೊಟ್ಟಿ ಇಟ್ಟ ಹೊಲೀತಾಳ," ಎಂದೆ. "ತಿನ್ನಾಕ ಸಿಕ್ಕ ಮ್ಯಾಲ ಹುಳ ಬರದ ಬಿಡ್ತಾವ?"

ಅಕ್ಕ ಸೂಜಿ ನಿಲ್ಲಿಸಿದಳು. "ತಮ್ಮಾ, ತಗಣಿ ರೊಟ್ಟಿ ತಿಂತಾವೇನೋ?"

ಶಾಲೆಯ ಮುಖ ನೋಡದ ನನ್ನ ಅಕ್ಕ ಕೇಳಿದ ಪ್ರಶ್ನೆ ಅದು. ತಿಗಣೆ ರಕ್ತ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲವೆಂದು ನಾನು ಹೈಸ್ಕೂಲಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಆದರೂ ಹೇಳಿದೆ: "ನಿನಗೇನ ಗೊತ್ತ, ಸುಮ್ನ ಕುಂದರ. ಪುಸ್ತಕದಾಗ ಐತಿ."

ಮುಂದೆ ಮಾಡಿದ್ದನ್ನೂ ಬರೆಯುತ್ತೇನೆ. ಅವಳು ಹೊದೆಯುತ್ತಿದ್ದ ಅವ್ವನ ಕೌದಿಯನ್ನು ಅಂಗಳಕ್ಕೆ ತಂದು, ಕತ್ತರಿಯಿಂದ ಅದರ ಮೂಲೆ ಬಿಚ್ಚಿದೆ. ರೊಟ್ಟಿಯ ಚೂರು ಹಿಟ್ಟಾಗಿ ಹೋಗಿತ್ತು. ಹಿಟ್ಟಿನ ಜೊತೆ ಹತ್ತಿಪ್ಪತ್ತು ನುಸಿಗಳು ಉದುರಿ ಬಿಸಿಲಿಗೆ ಗಾಬರಿಯಾಗಿ ಓಡಿದವು. ಜೋಳದ ಚೀಲದಲ್ಲಿ ಇರುವ ಅದೇ ಕಪ್ಪು ನುಸಿ. ಮನುಷ್ಯನನ್ನು ಕಚ್ಚುವುದಿಲ್ಲ, ಯಾರ ಮನೆಯಲ್ಲಾದರೂ ಇರುತ್ತದೆ. ಹೆಂಗಸರು ಅಷ್ಟು ಹತ್ತಿರ ನೋಡಲಿಲ್ಲ.

"ಅಯ್ಯಯ್ಯ ಶಿವನ! ಹುಳಾ ಹುಳಾ!" ಎಂದು ಎದುರು ಮನೆಯಾಕೆ ಹಿಂದೆ ಸರಿದು ಉಗುಳಿದಳು.

ನುಸಿ ಅದು, ತಗಣಿ ಅಲ್ಲ ಎಂದು ಹೇಳಲು ನನಗೆ ಅರ್ಧ ನಿಮಿಷ ಸಾಕಿತ್ತು. ಅಕ್ಕ ಅಂಗಳದ ಕಟ್ಟೆಯ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಎರಡೂ ಕೌದಿಗಳನ್ನು ತಿಪ್ಪೆಗೆ ಒಯ್ದು ಚಿಮಣಿ ಎಣ್ಣೆ ಸುರಿದು ಬೆಂಕಿ ಹಚ್ಚಿದೆ. ಹತ್ತು ಪದರದ ಬಟ್ಟೆ ಬೇಗ ಉರಿಯುವುದಿಲ್ಲ. ಸಂಜೆಯವರೆಗೆ ಹೊಗೆಯಾಡಿ ಓಣಿಯೆಲ್ಲ ನಾರಿತು.

ಮರುದಿನದಿಂದ ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮ ಸೀರೆಯ ಗಂಟು ವಾಪಸು ಒಯ್ದರು. "ಬ್ಯಾಡ ಬಿಡ್ರಿ ಅಕ್ಕಾರ, ಮಗ ಸೋಲಾಪುರ ಚಾದರ ತಂದಾನ," ಎಂದಳು ಒಬ್ಬಳು. ಇನ್ನೊಬ್ಬಳು ಗಂಟನ್ನು ಬಾಗಿಲ ಹೊರಗೇ ಕೊಡವಿ ಎತ್ತಿಕೊಂಡಳು. ನನ್ನ ಹೆಂಡತಿ ಅಕ್ಕನ ಹಾಸಿಗೆಯನ್ನು ಹಿತ್ತಲ ಬಾಗಿಲ ಹತ್ತಿರ ಬೇರೆ ಹಾಕಿದಳು. ಎರಡು ತಿಂಗಳು ತಡೆದುಕೊಂಡ ಅಕ್ಕ, ಮೈದುನನ ಮನೆಯಲ್ಲಿ ಶೇಂಗಾ ಬಿಡಿಸುವ ಕೆಲಸವಿದೆ ಎಂದು ಹೇಳಿ ಊರಿಗೆ ಹೋದಳು. ಬಸ್ ಸ್ಟ್ಯಾಂಡಿನಲ್ಲಿ ಟ್ರಂಕನ್ನು ನಾನೇ ಬಸ್ಸಿನ ಮೇಲೆ ಹಾಕಿಸಿದೆ. ಮತ್ತೆ ಬರಲಿಲ್ಲ.

ತಿಗಣೆಗಳು ಹೋಗಲಿಲ್ಲ. "ತತ್ತಿ ಬಿಟ್ಟ ಹೋಗ್ಯಾವ," ಎಂದರು ಎಲ್ಲರೂ. ನಾನು ತಲೆದೂಗಿದೆ. ಸಿನಿಮಾ ನೋಡುವುದನ್ನೂ ಆಗಲೇ ಬಿಡಲಿಲ್ಲ, ಇನ್ನೂ ಕೆಲವು ತಿಂಗಳು ಹೋದೆ. ಟಾಕೀಜಿನೊಳಗೆ ಟೊಪ್ಪಿಗೆಯನ್ನು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡುತ್ತಿದ್ದೆ. ಕೊನೆಗೆ ಮಂಚವನ್ನೇ ಒಡೆದು ಸುಟ್ಟು, ಗೋಡೆ ಕೆತ್ತಿ ಸುಣ್ಣ ಹೊಡೆಸಿದ ಮೇಲೆ ಹುಳ ಕಡಿಮೆಯಾಯಿತು.

ಹತ್ತು ಹನ್ನೆರಡು ವರ್ಷ ಕಳೆದವು. ಮಗಳ ಮದುವೆಯಾಗಿತ್ತು, ನಾನು ಅಂಗಡಿಯ ಕೆಲಸ ಬಿಟ್ಟಿದ್ದೆ. ಅಕ್ಕನ ಕಣ್ಣು ಹೋಗಿದೆಯೆಂದು ಸುದ್ದಿ ಬಂತು. ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಅವಳ ಹಳ್ಳಿಗೆ ಹೋದೆ. ಮಧ್ಯಾಹ್ನದ ಹೊತ್ತು, ಮೈದುನನ ಮನೆಯ ಕಟ್ಟೆಯ ಮೇಲೆ ಪೇಟೆಯ ಚಾದರವೊಂದನ್ನು ಕಾಲಮೇಲೆ ಹಾಕಿಕೊಂಡು ಕುಳಿತಿದ್ದಳು. ದನಿಯಿಂದಲೇ ಗುರುತು ಹಿಡಿದಳು. ಚಹಾ ಕುಡಿದ ಮೇಲೆ ಎಲ್ಲವನ್ನೂ ಹೇಳಿದೆ. ಸೋಮವಾರ, ಟಾಕೀಜು, ಟೊಪ್ಪಿಗೆ.

"ಗೊತ್ತೈತೆಲ್ಲೊ," ಎಂದಳು. "ನಿನ್ನ ಟೊಪ್ಪಿಗಿ ಒಗ್ಯಾಕಿ ನಾನ ಅಲ್ಲೇನು? ಹೊಲಕ್ಕ ಹೋದವನ ಟೊಪ್ಪಿಗ್ಯಾಗ ತಗಣಿ ಹೆಂಗ ಬರ್ತಾವ? ಎಲ್ಲೋ ಕುರ್ಚಿ ಮ್ಯಾಲ ಕುಂತ ಬಂದಾನ ಅಂತ ಅವಾಗ ತಿಳೀತು."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ನೀನ ಹೇಳತಿ ಅಂತ ನಿಂತಿದ್ದೆ."

ನಾನು ಅವಳ ಕಾಲು ಮುಟ್ಟಲು ಬಾಗಿದೆ. ಅವಳು ಕಾಲೆಳೆದುಕೊಂಡಳು.

"ನನ್ನ ಕಾಲ ಹಿಡದ ಏನ ಮಾಡತಿ? ನನಗ ಗೊತ್ತಿದ್ದದ್ದನ್ನ ನನಗ ಹೇಳಾಕ ಇಷ್ಟ ದೂರ ಬಂದ್ಯಾ? ನಿಮ್ಮ ಓಣ್ಯಾಗ ಹೇಳು ಹೋಗು. ಅಲ್ಲಿ ಮಂದಿ ಇನ್ನೂ ನಂದ ಹೆಸರ ಹೇಳಿ ಉಗಳತಿರಬೇಕು."

ಮರುದಿನ ಮೊದಲು ಹೆಂಡತಿಗೆ ಹೇಳಿದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಿದಳು. "ಸಿನಿಮಾಕ್ಕ? ನಾನು ನಸುಕಿನ್ಯಾಗ ಎದ್ದು ರೊಟ್ಟಿ ಬಡದು ಬುತ್ತಿ ಕಟ್ಟಿ ಕೊಡತಿದ್ನೆಲ್ರಿ! ಹೊಲ, ಹೊಲ ಅಂತ!" ಆ ದಿನವೆಲ್ಲ ಅದೇ ಮಾತು. ಅಕ್ಕನ ವಿಷಯಕ್ಕೆ ಅವಳು ಬರಲೇ ಇಲ್ಲ.

ಸಂಜೆ ಎದುರು ಮನೆಗೆ ಹೋದೆ. ಎದುರು ಮನೆಯಾಕೆ ಮುದುಕಿಯಾಗಿದ್ದಳು. ಸೊಸೆಯಂದಿರು, ಪಕ್ಕದ ಮನೆಯ ಇಬ್ಬರು ಹೆಂಗಸರು ಕಟ್ಟೆಯ ಮೇಲಿದ್ದರು. ನಿಂತುಕೊಂಡೇ ಹೇಳಿದೆ: ಆ ತಗಣಿ ತಂದವನು ನಾನು, ಅಕ್ಕನ ಕೌದಿಯಲ್ಲಿ ಇದ್ದದ್ದು ನುಸಿ, ಪುಸ್ತಕದಲ್ಲಿ ಇದೆಯೆಂದು ಹೇಳಿದ್ದು ಸುಳ್ಳು.

ಮುದುಕಿ ಸ್ವಲ್ಪ ಹೊತ್ತು ನೆನಪು ಮಾಡಿಕೊಂಡಳು. ಆಮೇಲೆ ಬೊಚ್ಚುಬಾಯಿ ತೆರೆದು ನಕ್ಕಳು.

"ಕುಂಡ್ರಿ ಅಣ್ಣಾರ, ಸುಮ್ನ ಕುಂಡ್ರಿ. ನಾನ ಕಣ್ಣಾರೆ ನೋಡೇನಲ್ಲರಿ, ಕೌದಿ ಬಿಚ್ಚಿದ ಕೂಡಲೆ ಹುಳಾ ಬುಳು ಬುಳು ಅಂತ ಬಿದ್ದದ್ದು." ಸೊಸೆಯರ ಕಡೆ ತಿರುಗಿದಳು. "ನೋಡ್ರೆವಾ, ಅಕ್ಕಗ ಕೆಟ್ಟ ಹೆಸರ ಬರಬಾರದು ಅಂತ ಈ ವಯಸ್ಸಿನ್ಯಾಗ ತಪ್ಪ ತಮ್ಮ ಮ್ಯಾಲ ಹಾಕ್ಕೊಳಾಕ ಬಂದಾರ. ಇಂಥಾ ತಮ್ಮಾರು ಎಲ್ಲಿ ಸಿಗತಾರ? ಅಣ್ಣಾರಿಗೆ ಚಹಾ ತರ್ರೆ."

ಹೆಂಗಸರು ನನ್ನನ್ನು ನೋಡಿದ ರೀತಿಯನ್ನು ಹೇಗೆ ಬರೆಯಲಿ? ಮಠದಿಂದ ಇಳಿದು ಬಂದ ಸ್ವಾಮಿಗಳನ್ನು ನೋಡುವಂತೆ ನೋಡಿದರು. "ಅಲ್ಲ, ನಾ ಹೇಳೂದು ಖರೇನ ಐತಿ," ಎಂದೆ. ಮುದುಕಿ ಕೈಬೀಸಿ ಮತ್ತೆ ನಕ್ಕಳು. ಸೊಸೆ ಚಹಾ ತಂದು ಎರಡೂ ಕೈಯಿಂದ ಕೊಟ್ಟಳು, ಮೊದಲೆಂದೂ ಕೊಡದ ಮರ್ಯಾದೆಯಿಂದ.

ಇನ್ನೊಂದು ಸಲ ಹೇಳಬೇಕಿತ್ತು. ಗದರಿಸಿಯಾದರೂ, ಕೂಗಿಯಾದರೂ ನಂಬಿಸಬೇಕಿತ್ತು. ನಾನು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದೆ. ನನ್ನ ಬಗ್ಗೆಯೇ ನನಗೆ ಅಷ್ಟು ಹೇಸಿಗೆ ಮಂಚ ತೊಳೆದ ಆ ಗಟಾರವನ್ನು ನೋಡಿದಾಗಲೂ ಆಗಿರಲಿಲ್ಲ. ಆದರೂ ಕಪ್ಪು ಬರಿದಾಗುವವರೆಗೆ ಕುಡಿದೆ, ಅವರು ಹೊಗಳಿದ್ದನ್ನು ಕೇಳಿಸಿಕೊಂಡೆ, ಮತ್ತೊಮ್ಮೆ ಅಲ್ಲ ಎನ್ನಲಿಲ್ಲ.