ಚಂದುವಿನ ಉದ್ದ ಕಾರು

ನಮ್ಮ ಕಾಪುವಿನ ಜನರನ್ನು ಹೊಗಳುವುದಕ್ಕೆ ಬೇರೆಯವರು ಬೇಕಾದಷ್ಟು ಇದ್ದಾರೆ. ಆ ಕೆಲಸ ನನ್ನದಲ್ಲ. ನನಗೆ ಹೇಳಬೇಕಾದದ್ದು ಚಂದುವಿನ ಕಥೆ, ಅದನ್ನು ಸಿಟ್ಟಿಲ್ಲದೆ ಹೇಳಲು ನನ್ನಿಂದ ಆಗುವುದಿಲ್ಲ.

ಚಂದು ಮೀನುಗಾರ, ಮಲ್ಪೆಯ ಬೋಟೊಂದರಲ್ಲಿ ಪಾಲು ಇರುವವನು. ಹೆಂಡತಿ ಪುಷ್ಪಾವತಿ, ಒಬ್ಬಳೇ ಮಗಳು ಧೃತಿ. ಡಾಮರು ರಸ್ತೆ ನನ್ನ ಹಾರ್ಡ್‌ವೇರ್ ಅಂಗಡಿಯ ಎದುರಿಗೆ ಮುಗಿಯುತ್ತದೆ. ಅಲ್ಲಿಂದ ಕಡಲ ಬದಿಯ ಅವರ ಮನೆಯವರೆಗೆ ಬರೀ ಮರಳು, ನಮ್ಮ ಮಾತಿನಲ್ಲಿ ಹೊಯಿಗೆ. ರಿಕ್ಷಾದವರು ಅಂಗಡಿಯ ಹತ್ತಿರವೇ ಇಳಿಸಿ ತಿರುಗಿಸಿಕೊಂಡು ಹೋಗುತ್ತಾರೆ. ಚಂದುವಿಗೆ ಇದ್ದದ್ದು ಒಂದೇ ಆಸೆ. ಮದುವೆಯ ದಿನ ಮಗಳು ಮನೆಯ ಮೆಟ್ಟಿಲಿಳಿದು ಸೀದಾ ತನ್ನ ಕಾರಿಗೆ ಹತ್ತಬೇಕು, ಆ ಕಾರನ್ನು ತಾನೇ ಓಡಿಸಬೇಕು. ಹೊರಗಿನವರಿಗೆ ಇದು ಸಣ್ಣ ಆಸೆ ಎನಿಸೀತು. ಬಾಗಿಲ ತನಕ ರಸ್ತೆ ಇರುವವರಿಗೆ ಹಾಗೆ ಎನಿಸುವುದು ಸಹಜ.

ಮಣಿಪಾಲದಲ್ಲಿ ಎಡ್ವಿನ್ ಎಂಬ ನಿವೃತ್ತ ಡಾಕ್ಟರು ತಮ್ಮ ಹಳೆಯ ಕಾರು ಮಾರುತ್ತಾರೆ ಎಂದು ಗೊತ್ತಾದಾಗ ಚಂದು ನನ್ನನ್ನೂ ಎಳೆದುಕೊಂಡು ಹೋದ. ಹೊರದೇಶದ ಕಂಪೆನಿಯ ಬೂದು ಬಣ್ಣದ ಕಾರು. ಮುಂದಿನಿಂದ ನೋಡಿದರೆ ಎಲ್ಲ ಕಾರಿನ ಹಾಗೆ. ಆದರೆ ಮೇಲಿನ ಮಾಡು ಹಿಂದಿನ ಕೊನೆಯ ತನಕ ಹೋಗಿ, ಡಿಕ್ಕಿಯ ಜಾಗದಲ್ಲಿ ಒಂದು ಸಣ್ಣ ಕೋಣೆಯೇ ಇತ್ತು. ಇಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುತ್ತದೆ, ಎಲ್ಲಿಯೂ ಹೂತುಹೋಗುವುದಿಲ್ಲ ಎಂದರು ಡಾಕ್ಟರು.

"ನಮ್ಮ ಹೊಯಿಗೆಯಲ್ಲಿ ಹೋಗ್ತದಾ ಸಾರ್?" ಎಂದು ಚಂದು ಕೇಳಿದ.

"ಬನ್ನಿ, ನೋಡಿಯೇ ಬಿಡುವ," ಎಂದು ಆ ಪುಣ್ಯಾತ್ಮ ನಮ್ಮನ್ನು ಕೂರಿಸಿಕೊಂಡು ಕಾಪುವಿನವರೆಗೆ ಬಂದರು. ನನ್ನ ಅಂಗಡಿ ದಾಟಿತು, ಡಾಮರು ಮುಗಿಯಿತು. ಅಲ್ಲಿ ಡಾಕ್ಟರು ಸ್ಟೇರಿಂಗನ್ನು ಚಂದುವಿಗೆ ಬಿಟ್ಟುಕೊಟ್ಟರು. ಕಾರು ಒಮ್ಮೆ ಗುರ್ ಎಂದು, ಮರಳನ್ನು ಹಿಂದಕ್ಕೆ ತಳ್ಳುತ್ತಾ ಹೋಗಿ ಅವನ ಮೆಟ್ಟಿಲ ಬುಡದಲ್ಲಿ ನಿಂತಿತು. ಪುಷ್ಪಾವತಿ ಮೀನು ಹೆಚ್ಚುತ್ತಿದ್ದ ಕೈಯಲ್ಲೇ ಹೊರಗೆ ಬಂದಳು. ವ್ಯಾಪಾರ ಮುಗಿದದ್ದು ಅಲ್ಲೇ.

ಮರುದಿನ ಮೆಕ್ಯಾನಿಕ್ ಡೆನ್ವರ್ ಕಾರಿನ ಅಡಿಗೆ ಹೋಗಿ ನೋಡಿ ಎದ್ದು ಬಂದ. "ಗಾಡಿ ಗಟ್ಟಿ ಉಂಟು. ಆದರೆ ನಾಳೆ ಮಾರಲಿಕ್ಕೆ ಹೋದರೆ ಯಾರೂ ತಕ್ಕೊಳ್ಳುದಿಲ್ಲ. ಇಷ್ಟುದ್ದದ ಗಾಡಿ ನಮ್ಮವರಿಗೆ ಹಿಡಿಸುದಿಲ್ಲ ಮಾರಾಯ."

"ನಾನು ಮಾರಲಿಕ್ಕೆ ತಕ್ಕೊಂಡದ್ದಲ್ಲ," ಎಂದ ಚಂದು.

ಆ ಕಾರಿಗೆ ಅವನು ಮಾಡಿದ ಉಪಚಾರವನ್ನು ನೋಡಿ ನಾನೇ ತಮಾಷೆ ಮಾಡಿದ್ದೆ. ಅಷ್ಟು ದೊಡ್ಡ ಡಿಕ್ಕಿ ಇದ್ದರೂ ಒಂದು ಬಂಗುಡೆಯನ್ನೂ ಅದರೊಳಗೆ ಬಿಡಲಿಲ್ಲ. ಮೀನಿನ ವಾಸನೆ ಹಿಡಿದರೆ ಮದುಮಗಳ ಸೀರೆಗೂ ಹಿಡಿಯುತ್ತದೆ ಎಂಬ ಹೆದರಿಕೆ. ಕಡಲಿನಿಂದ ಬಂದ ದಿನ ಸ್ನಾನವಾಗದೆ ತಾನೂ ಅದರಲ್ಲಿ ಕೂರುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ನೆರೆಮನೆಯ ಜಿತೇಂದ್ರನ ತಂದೆ ಮಣಿಪಾಲದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಹೆಣ ತಂದ ಆಂಬುಲೆನ್ಸ್ ನನ್ನ ಅಂಗಡಿಯ ಎದುರು ನಿಂತಿತು. ಮುಂದೆ ಹೋಗಲು ಡ್ರೈವರ್ ಒಪ್ಪಲಿಲ್ಲ. ಮಳೆ ಸುರಿಯುತ್ತಿತ್ತು. ಜಿತೇಂದ್ರ ಚಂದುವಿನ ಎರಡೂ ಕೈ ಹಿಡಿದು ಅತ್ತ. ಚಂದು ಹೋಗಿ, ಹಿಂದಿನ ಸೀಟು ಮಡಚಿ, ಕಾರು ತಂದ. ಹೆಣ ಅದರಲ್ಲಿ ನೀಟಾಗಿ ಮಲಗಿತು. ಅಪ್ಪನನ್ನು ಅಂಗಳಕ್ಕೇ ತಂದುಕೊಟ್ಟ ಚಂದಣ್ಣ ದೇವರು ಎಂದು ಜಿತೇಂದ್ರ ಹದಿಮೂರನೆಯ ದಿನದ ಕಾರ್ಯ ಕಳೆಯುವವರೆಗೂ ಹೇಳಿಕೊಂಡು ತಿರುಗಿದ.

ದೇವರಾದ ಮೇಲೆ ಕೇಳಬೇಕೇ. ಉಚ್ಚಿಲದಿಂದ, ಪಡುಬಿದ್ರಿಯಿಂದ, ಕಡಲ ಬದಿಯ ಎಲ್ಲ ಓಣಿಗಳಿಂದ ಫೋನು ಬಂತು. ಸಾವಿನ ಮನೆಯವರಿಗೆ ಇಲ್ಲ ಎನ್ನುವ ನಾಲಿಗೆ ಚಂದುವಿಗೆ ಇರಲಿಲ್ಲ. ಪೆಟ್ರೋಲಿಗೆ ಯಾರಾದರೂ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆಗೆ ಬಂದು ಕಾರನ್ನು ತೊಳೆದು, ಅರಸಿನ ನೀರು ಚಿಮುಕಿಸುತ್ತಿದ್ದ. ಪುಷ್ಪಾವತಿ ಮಾತ್ರ ಅದರಲ್ಲಿ ಕೂರುವುದನ್ನು ಬಿಟ್ಟಳು. ಸಂತೆಗೆ ಹೋಗುವಾಗ ಬರ್ತೀರಾ ಎಂದು ಚಂದು ಕೇಳಿದರೆ ಊರವರಿಗೆ ಇದ್ದಕ್ಕಿದ್ದಂತೆ ಬೇರೆ ಕೆಲಸ ನೆನಪಾಗುತ್ತಿತ್ತು. ಜೀವ ಇದ್ದುಕೊಂಡು ಆ ಕಾರಿನಲ್ಲಿ ಕೂರುವವರು ಅಪ್ಪ, ಮಗಳು ಮತ್ತು ನಾನು, ಇಷ್ಟೇ.

ಧೃತಿಗೆ ಕಾರ್ಕಳದಿಂದ ಸಂಬಂಧ ಬಂತು. ಹುಡುಗ ಲಕ್ಷಿತ್, ಅಲ್ಲಿ ಮೀನಿನ ಸಗಟು ವ್ಯಾಪಾರ, ಒಳ್ಳೆಯವನೇ. ಬೇಸಿಗೆಯಲ್ಲಿ ಮದುವೆ ನಿಶ್ಚಯವಾಯಿತು. ಚಂದು ಸೀಟಿಗೆ ಹೊಸ ಬಟ್ಟೆ ಹಾಕಿಸಿದ. ಮದುವೆಗೆ ಒಂದು ವಾರ ಇರುವಾಗ ಜಿತೇಂದ್ರ ನನ್ನ ಅಂಗಡಿಗೆ ಬಂದು, ಅಲ್ಲೇ ಕೂತಿದ್ದ ಚಂದುವಿನ ಪಕ್ಕ ಕೂತ. ಹುಡುಗನ ದೊಡ್ಡಪ್ಪ ಜಿತೇಂದ್ರನ ಕೈಯಲ್ಲಿ ಮಾತು ಹೇಳಿ ಕಳಿಸಿದ್ದರು.

"ಬೇಜಾರು ಮಾಡ್ಬೇಡಿ ಚಂದಣ್ಣ. ಹುಡುಗಿ ಆ ಕಾರಲ್ಲಿ ಬರುದು ಬೇಡ ಅಂತ ಅವರಿಗೆ ಉಂಟು. ಹೆಣ ಕೊಂಡು ಹೋಗುವ ಗಾಡಿ ಅಲ್ವಾ? ಶುಭಕಾರ್ಯಕ್ಕೆ ಹೇಗೆ ಸರಿಯಾಗ್ತದೆ?"

"ಅದರಲ್ಲಿ ಮೊದಲು ಹೋದ ಹೆಣ ಯಾರದ್ದು ಮಾರಾಯ?" ಎಂದು ನಾನು ಕೇಳಿದೆ. ಜಿತೇಂದ್ರ ಮುಖ ತಿರುಗಿಸಿದ. ಚಂದು ನನ್ನ ತೊಡೆಯ ಮೇಲೆ ಕೈ ಇಟ್ಟು ಸುಮ್ಮನಿರಿಸಿದ. ನನಗೆ ಅವನ ಮೇಲೂ ಸಿಟ್ಟು ಬಂತು.

ಧೃತಿ ಹಟ ಹಿಡಿದಳು. ಅಪ್ಪನ ಕಾರಿನಲ್ಲೇ ಹೋಗುವುದು, ಬೇಡದವರು ಮದುವೆಯೇ ಬಿಡಲಿ ಎಂದಳು. ಒಪ್ಪಿಸಿದವನು ಚಂದುವೇ. "ಬೇಡ ಮಗಾ. ನಾಳೆ ನಿನಗೆ ಸಣ್ಣ ಜ್ವರ ಬಂದರೂ ಆ ಕಾರಿನ ಹೆಸರು ಹೇಳ್ತಾರೆ," ಎಂದ.

ಮದುವೆಯ ದಿನ ಬಾಡಿಗೆಯ ಬಿಳಿ ಕಾರು ನನ್ನ ಅಂಗಡಿಯ ಎದುರು ನಿಂತಿತು. ಮದುಮಗಳು ಸೀರೆ ಎತ್ತಿ ಹಿಡಿದು ಮರಳಿನಲ್ಲಿ ನಡೆದುಬಂದಳು. ಚಂದು ತನ್ನ ಕಾರಿನಲ್ಲಿ ಹಿಂದಿನಿಂದ ಬಂದು, ಮದುವೆ ಹಾಲ್‌ನ ಹಿಂದೆ, ಅಡುಗೆಯವರು ಪಾತ್ರೆ ತೊಳೆಯುವ ಹಿತ್ತಲಲ್ಲಿ ಅದನ್ನು ನಿಲ್ಲಿಸಿದ. ಆಮೇಲೆ ಮಗಳ ಮನೆಗೆ ಹೋಗುವಾಗಲೆಲ್ಲ ಗಂಡ ಹೆಂಡತಿ ಬಸ್ಸಿನಲ್ಲೇ ಹೋದರು.

ಆಟಿ ತಿಂಗಳ ಮಳೆಯಲ್ಲಿ ಲಕ್ಷಿತನ ಅಜ್ಜಿ ಮಣಿಪಾಲದಲ್ಲಿ ತೀರಿಕೊಂಡರು. ಬೆಳಿಗ್ಗೆ ದೊಡ್ಡಪ್ಪನ ಫೋನು ಬಂದಾಗ ಚಂದು ನನ್ನ ಅಂಗಡಿಯಲ್ಲೇ ಇದ್ದ.

"ನಮ್ಮ ಮನೆಯ ಏರು ನಿಮಗೆ ಗೊತ್ತುಂಟಲ್ಲ, ಮಳೆಗೆ ಆಂಬುಲೆನ್ಸ್ ಹತ್ತುದಿಲ್ಲ. ನಿಮ್ಮ ಕಾರು ಉಂಟಲ್ಲ, ಒಮ್ಮೆ ಬರ್ತೀರಾ?"

ನಾನು ಕೈಸನ್ನೆಯಲ್ಲಿ ಬೇಡ ಎಂದೆ. "ಬರ್ತೇನೆ" ಎಂದ ಚಂದು. ಅವನೊಬ್ಬನನ್ನೇ ಕಳಿಸಲು ಮನಸ್ಸಾಗದೆ ನಾನೂ ಹತ್ತಿದೆ.

ಮಣಿಪಾಲದಿಂದ ಅಜ್ಜಿಯ ಹೆಣ ಹಾಕಿಕೊಂಡು ಕಾರ್ಕಳಕ್ಕೆ ಹೋದೆವು. ಕೆಂಪು ನೀರು ಹರಿಯುತ್ತಿದ್ದ ಏರಿನಲ್ಲಿ ಕಾರು ಎಲ್ಲಿಯೂ ಜಾರದೆ ಹತ್ತಿ ಅಂಗಳದಲ್ಲಿ ನಿಂತಿತು. ಮಗಳ ಗಂಡನ ಮನೆಯ ಅಂಗಳಕ್ಕೆ ಆ ಕಾರು ಹೋದದ್ದು ಅದೇ ಮೊದಲು. ಹೆಣ ಇಳಿಸಿ ಆದ ಕೂಡಲೇ ದೊಡ್ಡಪ್ಪ, "ಗಾಡಿ ಸ್ವಲ್ಪ ಕೆಳಗೆ ನಿಲ್ಲಿಸಿ ಚಂದಣ್ಣ, ಜನ ಬರ್ತಾರೆ," ಎಂದರು. ಅವರ ಕೊರಳ ಪಟ್ಟಿ ಹಿಡಿಯಬೇಕು ಅನಿಸಿತು ನನಗೆ. ಸತ್ತ ಮನೆ ಎಂದು ತಡೆದುಕೊಂಡೆ.

ಗೇಟಿನ ಹೊರಗೆ ಚಂದು ಕಾರು ನಿಲ್ಲಿಸಿ ಡಿಕ್ಕಿ ಒರೆಸುತ್ತಿರುವಾಗ ಧೃತಿ ಕೊಡೆ ಹಿಡಿದು ಇಳಿದುಬಂದಳು. ಅಪ್ಪನ ಕೈಗೆ ನೀರು ಹೊಯ್ದಳು. ಆಮೇಲೆ ಕೊಡೆ ಮಡಚಿ, ಮುಂದಿನ ಬಾಗಿಲು ತೆಗೆದು ಕೂತಳು. ಸೀಟಿನ ಹೊಸ ಬಟ್ಟೆಯನ್ನು ಕೈಯಲ್ಲಿ ಸವರಿದಳು. ಚಂದುವೂ ಹೋಗಿ ಸ್ಟೇರಿಂಗಿನ ಹಿಂದೆ ಕೂತ. ನಾನು ಮಳೆಯಲ್ಲೇ ನಿಂತೆ. ಕಾರು ಎಲ್ಲಿಗೂ ಹೋಗಲಿಲ್ಲ. ಮೇಲಿನಿಂದ ಯಾರೋ ಅವಳನ್ನು ಕರೆದರು.

ಧೃತಿ ಇಳಿದು ಕಿಟಕಿಯ ಹತ್ತಿರ ಬಗ್ಗಿದಳು. "ಇನ್ನು ಯಾವಾಗ ಬರ್ತೀರಿ ಅಪ್ಪ?"

ಸಾವಿನ ಮನೆಯಿಂದ ಹೊರಡುವಾಗ ಮತ್ತೆ ಬರ್ತೇನೆ ಎಂದು ಹೇಳುವ ಕ್ರಮ ನಮ್ಮಲ್ಲಿ ಇಲ್ಲ. ಚಂದು ಕೀಲಿಗೆ ಕೈ ಹಾಕಿದ. ಅವಳ ಕಣ್ಣು ತುಂಬಿತು.

"ಇವತ್ತು ಅದನ್ನು ಹೇಳ್ಬಾರದು ಮಗಾ," ಎಂದು ಅವನು ಕಾರು ಚಾಲೂ ಮಾಡಿದ.