ಹಲಗೆ ಬಿಟ್ಟು ಬರೆದ ಐದು ಶೆಡ್ಡುಗಳು

ಊರಿನವರು ಅವನನ್ನು ಹಲಗೆ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲೇ ಉಳಿದುಹೋಗಿತ್ತು. ಬೆಳಿಗ್ಗೆ ಒಂದು ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಸರ್ಫಿಂಗ್ ಮಾಡಲು ಸಮುದ್ರಕ್ಕೆ ಇಳಿಯುತ್ತಿದ್ದ. ಮಧ್ಯಾಹ್ನ ಇನ್ನೊಂದು ಹಲಗೆಗೆ ಕಾಗದ ಬಿಗಿದು ಚಿತ್ರ ಬರೆಯಲು ಕೂರುತ್ತಿದ್ದ. "ಒಂದರ ಮೇಲೆ ನಿಲ್ತಾನೆ, ಇನ್ನೊಂದರ ಮುಂದೆ ಕೂರ್ತಾನೆ. ನಮ್ಮ ಬಾಮೈದನ ಬಾಳೆಲ್ಲ ಹಲಗೆ ಪಾಲು" ಎಂದು ಅವನ ಭಾವ ಬಾಯ್ತುಂಬ ನಗುತ್ತಿದ್ದರು.

ಭಾವ ಅಂದರೆ ಅಕ್ಕನ ಗಂಡ. ದೋಣಿ ಕಟ್ಟುವ ಬಡಗಿ. ಮರಳಿನ ಅಂಚಿಗೆ ಸಾಲಾಗಿ ನಿಂತಿದ್ದ ಐದು ತಗಡಿನ ಶೆಡ್ಡುಗಳಲ್ಲಿ ನಡುವಿನದು ಅವರದು. ಅಪ್ಪ ಅಮ್ಮ ಬೇಗ ತೀರಿಕೊಂಡ ಮೇಲೆ ಹಲಗೆ ಬೆಳೆದದ್ದು ಆ ಶೆಡ್ಡಿನ ಹೊಟ್ಟಿನ ರಾಶಿಯ ಪಕ್ಕದಲ್ಲೇ. ಅವನ ಮೊದಲ ಸರ್ಫ್ ಹಲಗೆಯನ್ನೂ ಭಾವನೇ ಒಂದು ಹಳೇ ದೋಣಿಯ ಮರದಿಂದ ಕೆತ್ತಿ ಕೊಟ್ಟಿದ್ದರು. "ಮುಳುಗಿದ್ರೆ ಮುಳುಗು, ಆದರೆ ನಿಮ್ಮಕ್ಕನ ಕೈಲಿ ನನ್ನನ್ನ ಬೈಸಬೇಡ" ಎಂದಿದ್ದರು.

ಬೇರೆ ಚಿತ್ರಕಾರರು ಮರಳಲ್ಲಿ ಕೂತು ಸಮುದ್ರ ಬರೆಯುತ್ತಾರೆ. ಹಲಗೆ ಸಮುದ್ರದಲ್ಲಿ ಕೂತು ದಡ ನೋಡಿದ. ಅಲೆ ಒಡೆಯುವ ಜಾಗದಿಂದ ಆಚೆ ಹೋಗಿ, ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಗುಡ್ಡ, ಬಂಡೆ, ಮರಳಿನ ಮೇಲೆ ಜಾರುವ ಬಿಸಿಲು ಎಲ್ಲವನ್ನೂ ಕಣ್ಣಲ್ಲೇ ತುಂಬಿಕೊಳ್ಳುತ್ತಿದ್ದ. ಆಮೇಲೆ ಒಂದು ಒಳ್ಳೆಯ ಅಲೆ ಹಿಡಿದು ದಡಕ್ಕೆ ಬಂದವನೇ, ಕೂದಲಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಪೆನ್ಸಿಲ್ ಹಿಡಿಯುತ್ತಿದ್ದ. ಅಂಥ ಚಿತ್ರ ಯಾರೂ ಕಂಡಿರಲಿಲ್ಲ. ಜನ ಹುಡುಕಿಕೊಂಡು ಬರತೊಡಗಿದರು.

ಹಾಗೆ ಬಂದವರಲ್ಲಿ ಕಡಲ ದಂಡೆಯ ತುದಿಯ ದೊಡ್ಡ ಹೋಟೆಲಿನ ಮಾಲೀಕ ಒಬ್ಬ. ಚಿತ್ರವನ್ನು ಹತ್ತಿರದಿಂದ ನೋಡಿದ, ದೂರದಿಂದ ನೋಡಿದ.

"ಎಲ್ಲ ಚೆನ್ನಾಗಿದೆ. ಈ ತಗಡಿನ ಶೆಡ್ಡುಗಳೊಂದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಸಿಪ್ಪೆ ಥರ ಇವೆ. ಅವನ್ನ ಬಿಟ್ಟು ಬರೀರಿ, ನನ್ನ ಎಲ್ಲ ಕೋಣೆಗೂ ನಿಮ್ಮ ಚಿತ್ರವೇ ಇರಲಿ."

ಚಿತ್ರದಲ್ಲಿ ಹೆಬ್ಬೆರಳಿನ ಅಗಲದಷ್ಟು ಜಾಗ. ಅಲ್ಲಿ ಮರಳಿನ ಬಣ್ಣ ಎಳೆದರೆ ಮುಗಿಯಿತು. ಮೊದಲ ಸಲ ಕೈ ತಡೆಯಿತು. ಎರಡನೆಯ ಸಲ ತಡೆಯಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಕಣ್ಣೇ ಅವುಗಳ ಮೇಲೆ ಹಾರಿ ಹೋಗುವುದನ್ನು ಕಲಿತಿತ್ತು.

ಅಕ್ಕ ಒಂದು ದಿನ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ಚಿತ್ರದ ಮುಂದೆ ನಿಂತಳು. "ನಮ್ಮ ಶೆಡ್ಡು ಎಲ್ಲೋ?"

"ಅಕ್ಕಾ, ಇದು ಚಿತ್ರ, ಫೋಟೋ ಅಲ್ಲ. ಇದ್ದದ್ದನ್ನೆಲ್ಲ ಬರೆಯೋಕಾಗಲ್ಲ."

"ಇದ್ದದ್ದೆಲ್ಲ ಬೇಡಪ್ಪಾ. ಅನ್ನ ಹಾಕಿದ್ದನ್ನಾದರೂ ಬರಿ."

ಅವನು ನಕ್ಕು ಮಾತು ಹಾರಿಸಿದ.

ಹನ್ನೆರಡು ವರ್ಷ ಹಾಗೇ ನಡೆಯಿತು. ಆಮೇಲೆ ದಂಡೆಯ ಉದ್ದಕ್ಕೂ ಕಲ್ಲು ಹಾಸಿ, ತಿರುಗಾಡುವವರಿಗೆ ದಾರಿ ಮಾಡಬೇಕೆಂಬ ಯೋಜನೆ ಬಂತು. ಹತ್ತು ವರ್ಷಕ್ಕಿಂತ ಹಳೆಯ ಕಟ್ಟಡವಾದರೆ ಉಳಿಸುತ್ತೇವೆ, ಇಲ್ಲವಾದರೆ ಕೆಡವುತ್ತೇವೆ ಎಂದು ಪುರಸಭೆಯ ನೋಟೀಸು. ಶೆಡ್ಡಿನವರ ಹತ್ತಿರ ಯಾವ ಕಾಗದವಿತ್ತು? ತಲೆ ನರೆಯುವ ತನಕ ಅಲ್ಲೇ ಉಳಿ ಹಿಡಿದವರು, ಬಾಯಿಮಾತೇ ಆಧಾರ.

ವಿಚಾರಣೆಯ ದಿನ ಪುರಸಭೆಯ ಸಭಾಂಗಣದಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ಐವರು ಶೆಡ್ಡಿನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಒಂದೇ ಸಾಲಲ್ಲಿ ಕೂತಿದ್ದರು. ಭಾವನ ಪಕ್ಕದಲ್ಲಿ ಹಲಗೆ. ಹೋಟೆಲಿನ ಮಾಲೀಕ ಎದ್ದು ಒಂದು ಕ್ಯಾಲೆಂಡರನ್ನು ಅಧಿಕಾರಿಯ ಮುಂದೆ ಇಟ್ಟ. ಹನ್ನೆರಡು ತಿಂಗಳಿಗೆ ಹನ್ನೆರಡು ಚಿತ್ರ, ಎಲ್ಲ ಹಲಗೆಯದೇ, ಪ್ರತಿಯೊಂದರ ಮೂಲೆಯಲ್ಲೂ ಸಹಿ, ಹತ್ತು ವರ್ಷದ ಹಿಂದಿನ ಇಸವಿ. ಯಾವುದರಲ್ಲೂ ಶೆಡ್ಡಿಲ್ಲ.

"ಬರೆದವರು ಇಲ್ಲೇ ಇದ್ದಾರಂತಲ್ಲ?" ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. "ದಡ ಇದ್ದ ಹಾಗೇ ಬರೆದದ್ದೇನ್ರಿ ಇದು?"

ಹಲಗೆ ಎದ್ದು ನಿಂತ. ಬರುವ ತಿಂಗಳು ಹೋಟೆಲಿನ ಹೊಸ ಹಜಾರದಲ್ಲಿ ಅವನ ಮೊದಲ ಪ್ರದರ್ಶನ. ಆಹ್ವಾನ ಪತ್ರಿಕೆಗಳು ಅಚ್ಚಾಗಿ ಬಂದಿದ್ದವು. ಇಲ್ಲ ಸ್ವಾಮಿ, ನಾನೇ ಬಿಟ್ಟು ಬರೆದದ್ದು, ಆ ಶೆಡ್ಡಿನಲ್ಲೇ ನಾನು ಬೆಳೆದದ್ದು ಅನ್ನಬೇಕಿತ್ತು.

"ಸುಮಾರಾಗಿ... ಹಾಗೇ" ಎಂದ.

"ಹೌದು ಅಂತ ಬರ್ಕೊಳ್ರೀ" ಎಂದರು ಅಧಿಕಾರಿ, ಗುಮಾಸ್ತನಿಗೆ.

ಭಾವ ಕೈ ಚಾಚಿ ಕ್ಯಾಲೆಂಡರು ತೆಗೆದುಕೊಂಡರು. ಒಂದೊಂದೇ ಹಾಳೆ ಮಗುಚಿದರು. ಕೊನೆಗೆ ಅದನ್ನು ಹಿಂದಕ್ಕೆ ಇಟ್ಟು, "ಬಣ್ಣ ಚೆನ್ನಾಗಿ ಕೂತಿದೆ" ಎಂದಷ್ಟೇ ಹೇಳಿದರು.

ಶೆಡ್ಡುಗಳನ್ನು ಕೆಡವಲು ಒಂದು ದಿನವೂ ಹಿಡಿಯಲಿಲ್ಲ. ಐವತ್ತೆಂಟರ ವಯಸ್ಸಿನಲ್ಲಿ ಭಾವ ಬಸ್ಸಿನಲ್ಲಿ ಎರಡು ಗಂಟೆ ದೂರದ ಪೇಟೆಗೆ ಹೋಗಿ, ಪ್ಲೈವುಡ್ ಬಾಗಿಲು ಮಾಡುವ ಕಾರ್ಖಾನೆಗೆ ಸೇರಿದರು. ಅಕ್ಕನೂ ಜೊತೆಗೆ ಹೋದಳು. ಪ್ರದರ್ಶನ ನಡೆಯಿತು, ಜನ ಹೊಗಳಿದರು. ಆ ಹೊಗಳಿಕೆ ಅವನಿಗೆ ಬಾಯಿಗೆ ಬಿದ್ದ ಮರಳಿನಂತಿತ್ತು.

ಮರುವಾರ ನೀರಿಗಿಳಿದು, ಅಲೆಗಳಾಚೆ ಕೂತು, ತಿರುಗಿ ನೋಡಿದ. ಗುಡ್ಡ, ಬಂಡೆ, ಮರಳು. ದಡ ಅವನ ಚಿತ್ರದ ಹಾಗೇ ಆಗಿಬಿಟ್ಟಿತ್ತು. ಅವತ್ತು ಒಂದು ಅಲೆಯನ್ನೂ ಹಿಡಿಯದೆ ಕೈಯಲ್ಲೇ ಹುಟ್ಟು ಹಾಕಿಕೊಂಡು ವಾಪಸು ಬಂದ. ಬಹಳ ತಿಂಗಳು ಸಮುದ್ರದ ಕಡೆ ತಲೆ ಹಾಕಲಿಲ್ಲ.

ಶೆಡ್ಡುಗಳನ್ನು ಬರೆದೇ ತೀರುತ್ತೇನೆಂದು ಮನೆಯಲ್ಲಿ ಕೂತ. ಕೈ ಓಡಲಿಲ್ಲ. ತಗಡಿನ ಮಾಡಿನ ಇಳಿಜಾರು ಎಡಕ್ಕಿತ್ತೋ ಬಲಕ್ಕೋ? ಕಿಟಕಿ ಎಷ್ಟು? ಬಂಡೆಯ ಒಂದೊಂದು ಬಿರುಕೂ ನೆನಪಿದ್ದವನಿಗೆ ತಾನು ಉಂಡು ಮಲಗಿದ ಜಾಗ ನೆನಪಾಗಲಿಲ್ಲ. ಮೂರು ವರ್ಷ ಹೆಣಗಿ, ಕೊನೆಗೆ ಕಾಗದದ ಸುರುಳಿ ಹಿಡಿದು ಬಸ್ಸು ಹತ್ತಿದ.

ಕಾರ್ಖಾನೆಯ ಊಟದ ಹೊತ್ತು. ಭಾವನ ಹುಬ್ಬಿನ ಮೇಲೆಲ್ಲ ಮರದ ಪುಡಿ. ಬಂದ ಕಾರಣ ಕೇಳಿ, ಕಿವಿಯಲ್ಲಿ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಒಂದು ಪ್ಲೈವುಡ್ ತುಂಡಿನ ಮೇಲೆ ಸರಸರ ಗೀಚಿದರು.

"ತಗಡಿನ ಮಾಡು ಹೀಗೆ. ಕಿಟಕಿ ಎರಡು. ಬಾಗಿಲಿಗೆ ಹಸಿರು ಬಣ್ಣ. ದೋಣಿಗೆ ಹಚ್ಚಿ ಉಳಿದಿದ್ದನ್ನ ನೀನೇ ಬಳಿದಿದ್ದು ಕಣಪ್ಪಾ, ಹದಿನಾರು ತುಂಬಿದ ವರ್ಷ. ಮರೆತ್ಯಾ?"

ಅವನು ತಲೆ ತಗ್ಗಿಸಿದ. "ಭಾವ, ಅವತ್ತು ವಿಚಾರಣೆಯಲ್ಲಿ ನಾನು..."

"ನೀನು ಹೇಳ್ತೀಯ ಅಂದ್ಕೊಂಡಿದ್ದೆ." ಅವರು ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿದರು. "ಕೋಪ ಏನಿಲ್ಲ. ಆದರೆ ಹೇಳ್ತೀಯ ಅಂದ್ಕೊಂಡಿದ್ದೆ."

ಸೈರನ್ ಕೂಗಿತು. ಅವರು ಎದ್ದು ಒಳಗೆ ಹೋದರು.

ಚಿತ್ರ ಮುಗಿಯಲು ಇನ್ನೊಂದು ವರ್ಷ ಹಿಡಿಯಿತು. ಅದನ್ನು ಹೊತ್ತು ಅಕ್ಕನ ಮನೆಗೆ ಹೋದ. ಒಂದೇ ಕೋಣೆ, ಮೂಲೆಯಲ್ಲಿ ಸ್ಟೌವು, ಗೋಡೆಯ ಮೊಳೆಗೆ ಭಾವನ ಕಾರ್ಖಾನೆ ಅಂಗಿ. ಭಾವ ಬಹಳ ಹೊತ್ತು ನೋಡಿ, "ಕಿಟಕಿ ಗೇಣು ಕೆಳಗಿರಬೇಕಿತ್ತು" ಎಂದರು. ಅಕ್ಕ ಚಿತ್ರವನ್ನು ಎತ್ತಿ, ಗೋಡೆಗೆ ಮುಖ ಮಾಡಿ ಬೀರುವಿನ ಹಿಂದೆ ಸರಿಸಿದಳು.

"ಅದನ್ನ ನೋಡ್ತಾ ಕೂತರೆ ಅಡುಗೆ ಆಗಲ್ಲ ಕಣೋ. ಕೈ ತೊಳ್ಕೊ, ಬಡಿಸ್ತೀನಿ."

ಹೊರಡುವಾಗ ಬಸ್ ನಿಲ್ದಾಣದ ತನಕ ಅವಳೇ ಬಂದಳು. ಬಸ್ಸು ಹೊರಟಾಗ ಕಿಟಕಿಯ ಸರಳು ಹಿಡಿದು ಎರಡು ಹೆಜ್ಜೆ ಜೊತೆಗೇ ನಡೆದಳು.

"ಇನ್ನೊಂದ್ಸಲ ಬರುವಾಗ ಬರಿಗೈಯಲ್ಲಿ ಬಾ. ಸುಮ್ಮನೆ ಬಂದು ಹೋಗು."

ಹೂಂ ಅಂದ. ಅದಾಗಿ ಎರಡು ವರ್ಷವಾಯಿತು. ಭಾನುವಾರ ಬಂದಾಗಲೆಲ್ಲ ಅಂಗಿ ತೊಟ್ಟು ಬಸ್ ನಿಲ್ದಾಣದ ತನಕ ಹೋಗುತ್ತಾನೆ, ಒಂದೆರಡು ಬಸ್ಸು ಹೋಗುವುದನ್ನು ನೋಡುತ್ತಾನೆ, ಮನೆಗೆ ತಿರುಗುತ್ತಾನೆ.